ನಲವತ್ತು ನಿಮಿಷದಲ್ಲಿ ಆಟವೂ ಆಗಬೇಕು, ಪಾಠವೂ ಮುಗಿಯಬೇಕು: ಹೈಸ್ಕೂಲ್ ಮೇಷ್ಟ್ರುಗಳಿಗೆ ಸಮಗ್ರ ಮಾರ್ಗದರ್ಶಿ

ಹೈಸ್ಕೂಲಿನಲ್ಲಿ ಆಟ ಆಡಿಸಿ ಪಾಠ ಮಾಡಲು ಹೋಗಿ ಕೈಸುಟ್ಟುಕೊಂಡವರ ಕತೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಆಟ ಶುರುವಾಯಿತು, ಹತ್ತು ನಿಮಿಷಕ್ಕೆ ಕ್ಲಾಸು ಸಂತೆ ಆಯಿತು, ಪಕ್ಕದ ಕ್ಲಾಸಿನವರು ಬಂದು ಇಣುಕಿದರು, ಅಷ್ಟರಲ್ಲಿ ಬೆಲ್. ಮರುದಿನ "ನಿನ್ನೆ ಏನು ಕಲಿತಿರಿ?" ಅಂದರೆ "ಆಟ ಆಡಿದ್ವಿ ಸಾರ್" ಅಂತ ಉತ್ತರ. ಅಲ್ಲಿಗೆ ಉತ್ಸಾಹ ಮುಗಿದು ಮತ್ತೆ ಬೋರ್ಡು, ನೋಟ್ಸು.

ನಾನೂ ಹಾಗೇ ಸೋತವನು. ಮೊದಲ ಸಲ ಹತ್ತನೇ ಕ್ಲಾಸಿಗೆ ಹುಣಸೆ ಬೀಜ ತಗೊಂಡು ಹೋಗಿ, ಎಲ್ಲರ ಕೈಗೂ ಬೀಜ ಕೊಟ್ಟು, ಆಮೇಲೆ ಏನು ಮಾಡಬೇಕು ಅಂತ ಹೇಳಲು ಬಾಯಿ ತೆರೆದೆ. ಯಾರು ಕೇಳ್ತಾರೆ? ಆಗಲೇ ಎರಡು ಬೀಜ ಕಿಟಕಿಯಿಂದ ಹೊರಗೆ ಹೋಗಿದ್ದವು. ಹೆಡ್‌ಮಾಸ್ಟರ್ ಬಂದು ಬಾಗಿಲಲ್ಲಿ ನಿಂತಿದ್ದು ಗೊತ್ತಾಗಿದ್ದು ಹುಡುಗರೆಲ್ಲ ಒಮ್ಮೆಲೇ ಸುಮ್ಮನಾದಾಗ.

ಆಟ ಚೆನ್ನಾಗಿಯೇ ಇತ್ತು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಕೆಡಿಸಿಕೊಂಡಿದ್ದೆ. ಆಮೇಲೆ ಅದೇ ಆಟವನ್ನು ಬೇರೆ ಬೇರೆ ಬ್ಯಾಚುಗಳಿಗೆ ಆಡಿಸಿ ಕ್ರಮ ಸರಿ ಮಾಡಿಕೊಂಡೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಹತ್ತನೇ ತರಗತಿಯ ಸಂಭವನೀಯತೆ ಪಾಠ, ಆಟ ಚೌಕಾಬಾರ, ಕ್ಲಾಸಿನಲ್ಲಿ 48 ಮಕ್ಕಳು ಅಂತ ಇಟ್ಟುಕೊಳ್ಳೋಣ. ನಿಮ್ಮ ವಿಷಯ ಬೇರೆಯಾದರೂ ಕ್ರಮ ಇದೇ.

## ಏನೇನು ಬೇಕು

48 ಹುಣಸೆ ಬೀಜ. ಪ್ರತಿ ಬೀಜದ ಒಂದೇ ಬದಿಯನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ಉಜ್ಜಿರಬೇಕು. ಈ ಕೆಲಸವನ್ನು ಎರಡು ದಿನ ಮುಂಚೆ ಲಾಸ್ಟ್ ಬೆಂಚಿನವರಿಗೆ ವಹಿಸಿ, ಖುಷಿಯಿಂದ ಮಾಡಿಕೊಂಡು ಬರ್ತಾರೆ. ಉಜ್ಜಿದ ಬೀಜ ಚುರ್ ಅನ್ನುವಷ್ಟು ಬಿಸಿಯಾಗುತ್ತದೆ, ಅದನ್ನು ಪಕ್ಕದವನ ಕೈಗೆ ಒತ್ತುವ ಚೇಷ್ಟೆ ನಾವೆಲ್ಲ ಮಾಡಿದವರೇ. ಅದಕ್ಕೇ ಕ್ಲಾಸಿನಲ್ಲಿ ಉಜ್ಜಿಸಬೇಡಿ.

ಜೊತೆಗೆ 12 ಚಿಕ್ಕ ಡಬ್ಬಿ ಅಥವಾ ಪೊಟ್ಟಣ, ಒಂದೊಂದರಲ್ಲೂ ಎಣಿಸಿ ನಾಲ್ಕು ಬೀಜ. 12 ಅರ್ಧ ಹಾಳೆ. ಎರಡು ಬಣ್ಣದ ಚಾಕ್‌ಪೀಸ್. ಒಂದು ಗಡಿಯಾರ. ಇಷ್ಟೇ. ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್ ಇದ್ದರೆ ಇರಲಿ, ಈ ಕೆಲಸಕ್ಕೆ ಅದರ ಅಗತ್ಯ ಇಲ್ಲ.

ಕಾಸು, ಇಸ್ಪೀಟು ಮಾತ್ರ ಬೇಡ. ನಾಲ್ಕು ನಾಣ್ಯ ಹಾರಿಸಿದರೂ ಲೆಕ್ಕ ಅದೇ ಬರುತ್ತದೆ ನಿಜ. ಆದರೆ ನಾಣ್ಯ ಕಳೆದುಹೋಗುತ್ತದೆ, ಆಮೇಲೆ "ನನ್ನ ಎರಡು ರೂಪಾಯಿ" ಅಂತ ಜಗಳ. ಅಲ್ಲದೆ "ಶಾಲೇಲಿ ಜೂಜು ಆಡಿಸ್ತಾರೆ" ಅಂತ ಊರಿಗೆ ಸುದ್ದಿ ಹೋಗಲು ಒಂದು ಸಂಜೆ ಸಾಕು.

## 1. ಆಟ ಹುಡುಕುವ ಮೊದಲು ಮಕ್ಕಳು ಎಡವುವ ಜಾಗ ಹುಡುಕಿ

ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಯೂಟ್ಯೂಬಿನಲ್ಲಿ ಚಂದದ ಆಟ ನೋಡಿ ಅದಕ್ಕೆ ಯಾವ ಪಾಠ ಹೊಂದುತ್ತದೆ ಅಂತ ಯೋಚಿಸುತ್ತಾರೆ. ಉಲ್ಟಾ ಮಾಡಿ. ಈ ಪಾಠದಲ್ಲಿ ಪ್ರತಿವರ್ಷ ಮಕ್ಕಳು ತಪ್ಪು ಮಾಡುವ ಒಂದು ಜಾಗ ಯಾವುದು? ಒಂದೇ ಸಾಕು.

ಸಂಭವನೀಯತೆಯಲ್ಲಿ ಆ ಜಾಗ ಎಲ್ಲ ಗಣಿತ ಮೇಷ್ಟ್ರಿಗೂ ಗೊತ್ತು. ಎರಡು ನಾಣ್ಯ ಹಾರಿಸಿದರೆ ಎರಡೂ ಶಿರ, ಎರಡೂ ಪುಚ್ಛ, ಒಂದು ಶಿರ ಒಂದು ಪುಚ್ಛ ಅಂತ ಮೂರೇ ಬಗೆ ಇರುವುದು, ಹಾಗಾಗಿ ಒಂದೊಂದಕ್ಕೂ 1/3 ಅಂತ ಮಕ್ಕಳು ಬರೆಯುತ್ತಾರೆ. ಪಠ್ಯಪುಸ್ತಕದ ಅಭ್ಯಾಸದಲ್ಲೂ ಈ ವಾದ ಸರಿಯೋ ತಪ್ಪೋ ಅಂತ ಕೇಳಿದ್ದಾರೆ. ಬೋರ್ಡಿನ ಮೇಲೆ ಎಷ್ಟು ಸಲ ವಿವರಿಸಿದರೂ ಮಕ್ಕಳು ತಲೆ ಆಡಿಸಿ, ಪರೀಕ್ಷೆಯಲ್ಲಿ ಮತ್ತೆ 1/3 ಬರೆದು ಬರ್ತಾರೆ. ಚೌಕಾಬಾರ ಬೇಕಾಗುವುದು ಇಲ್ಲೇ. ನಾಲ್ಕು ಬೀಜ ಹಾಕಿದರೆ ಬೀಳುವುದು 1, 2, 3, ಚೌಕ (ನಾಲ್ಕೂ ಬಿಳಿ), ಬಾರ (ಒಂದೂ ಬಿಳಿ ಇಲ್ಲ) ಅಂತ ಐದೇ ಬಗೆ. ಹಾಗಾದರೆ ಒಂದೊಂದೂ ಐದರಲ್ಲಿ ಒಂದು ಸಲ ಬೀಳಬೇಕಲ್ವಾ? ಅಜ್ಜಿ ಜೊತೆ ಒಂದು ಮಧ್ಯಾಹ್ನ ಆಡಿದ ಮಗುವಿಗೂ ಗೊತ್ತು, ಬಾರ ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ಎಚ್ಚರಿಕೆ: "ಈ ಆಟ ಮುಗಿದ ಮೇಲೆ ಮಗು ಯಾವ ಪ್ರಶ್ನೆಗೆ ಉತ್ತರ ಬರೆಯಬಲ್ಲದು?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ ಆ ಆಟ ಬಿಟ್ಟುಬಿಡಿ.

## 2. ಮನೆಯಲ್ಲಿ ಒಮ್ಮೆ ಆಡಿ, ಟೈಮ್ ನೋಡಿ

20 ಸಲ ಬೀಜ ಹಾಕಿ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು? ಮನೆಯಲ್ಲಿ ಐದು ನಿಮಿಷಕ್ಕೆ ಮುಗಿದರೆ ಕ್ಲಾಸಿನಲ್ಲಿ ಹತ್ತು ಅಂತ ಲೆಕ್ಕ ಹಾಕಿ. ನಲವತ್ತು ನಿಮಿಷವನ್ನು ನಾನು ಹಂಚುವುದು ಹೀಗೆ: ಹಾಜರಿ 2, ಊಹೆ 5, ಸೂಚನೆ 3, ಆಟ 10, ನಿಲ್ಲಿಸಿ ಬೀಜ ವಾಪಸ್ ಪಡೆಯಲು 2, ಬೋರ್ಡಿನ ಮೇಲೆ ಲೆಕ್ಕ 12, ಬರವಣಿಗೆ 6.

ಆಟಕ್ಕೆ ಕಾಲು ಭಾಗ ಮಾತ್ರ ಸಿಕ್ಕಿದೆ, ಗಮನಿಸಿ. ಸೋಲುವವರ ಕ್ಲಾಸಿನಲ್ಲಿ ಆಟವೇ ಮೂವತ್ತು ನಿಮಿಷ ತಿಂದಿರುತ್ತದೆ.

ಊಟದ ನಂತರದ ಪಿರಿಯಡ್ ಸಿಕ್ಕಿದರೆ ಅದನ್ನೇ ಬಳಸಿ. ಬಿಸಿಯೂಟ ಮಾಡಿ ಬಂದು ತೂಕಡಿಸುವ ಹೊತ್ತಿಗೆ ಕೈಗೆ ಕೆಲಸ ಕೊಟ್ಟರೆ ನಿಮಗೂ ಸುಲಭ. ಪಕ್ಕದ ಕ್ಲಾಸಿನವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ, ಹೆಡ್‌ಮಾಸ್ಟರಿಗೂ. ಪಾಠ ಯೋಜನೆಯಲ್ಲಿ "ಚಟುವಟಿಕೆ: ನಾಲ್ಕು ಬೀಜಗಳ ಪ್ರಯೋಗ" ಅಂತ ಬರೆದಿಟ್ಟರೆ ಇನ್ನೂ ಒಳ್ಳೆಯದು. ಬಾಗಿಲಲ್ಲಿ ಯಾರಾದರೂ ಬಂದು ನಿಂತಾಗ ತೋರಿಸಲು ಒಂದು ಕಾಗದ ಇದ್ದರೆ ಧೈರ್ಯ.

## 3. ಗುಂಪನ್ನು ಹಿಂದಿನ ದಿನವೇ ಮಾಡಿ

ಆ ದಿನ ಗುಂಪು ಮಾಡಲು ಹೋದರೆ ಹತ್ತು ನಿಮಿಷ ಅಲ್ಲೇ ಹೋಯಿತು ಅಂದುಕೊಳ್ಳಿ. ನಾಲ್ಕು ಜನರ 12 ಗುಂಪು, ಹೆಸರು ಬರೆದು ಹಿಂದಿನ ದಿನ ಸಂಜೆಯೇ ಗೋಡೆಗೆ ಅಂಟಿಸಿ. ಬೆಂಚು ಎಳೆದಾಡುವುದು ಬೇಡ. ಮುಂದಿನ ಬೆಂಚಿನ ಇಬ್ಬರು ಹಿಂದೆ ತಿರುಗಿ ಕೂತರೆ ಗುಂಪು ಆಯಿತು.

ಪ್ರತಿಯೊಬ್ಬರಿಗೂ ಒಂದು ಕೆಲಸ ಇರಲೇಬೇಕು. ಒಬ್ಬರು ಬೀಜ ಹಾಕುವುದು, ಒಬ್ಬರು ಬಿದ್ದದ್ದನ್ನು ಓದಿ ಹೇಳುವುದು, ಒಬ್ಬರು ಬರೆಯುವುದು, ಒಬ್ಬರು ಎಷ್ಟನೇ ಸಲ ಅಂತ ಎಣಿಸುವುದು. ಐದು ಸಲಕ್ಕೊಮ್ಮೆ ಕೆಲಸ ಬದಲಾಗಲಿ. ಇದನ್ನು ಹೇಳದೆ ಬಿಟ್ಟರೆ ಜೋರು ಇರುವ ಒಬ್ಬ ಹುಡುಗ ಬೀಜ ಹಿಡಿದುಕೊಳ್ಳುತ್ತಾನೆ, ಅಕ್ಷರ ಚೆನ್ನಾಗಿರುವ ಒಬ್ಬಳು ಬರೆಯುತ್ತಾಳೆ, ಉಳಿದ ಇಬ್ಬರು ಕಿಟಕಿ ನೋಡುತ್ತಾರೆ.

ಹುಡುಗ ಹುಡುಗಿಯರನ್ನು ಬೆರೆಸಬೇಕಾ? ಮೊದಲ ಆಟಕ್ಕೆ ಒತ್ತಾಯ ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಒಂಬತ್ತನೇ, ಹತ್ತನೇ ಕ್ಲಾಸಿನಲ್ಲಿ ಬಲವಂತವಾಗಿ ಕೂರಿಸಿದರೆ ಇಡೀ ಗುಂಪು ಮಾತೇ ಆಡುವುದಿಲ್ಲ. ಮೂರನೇ ನಾಲ್ಕನೇ ಸಲಕ್ಕೆ ತಾನಾಗಿಯೇ ಸಾಧ್ಯ ಆಗುತ್ತದೆ. ಆದರೆ ಬುದ್ಧಿವಂತರನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ.

## 4. ಬೀಜ ತೋರಿಸುವ ಮುಂಚೆ ಊಹೆ ಬರೆಸಿ

ಇಡೀ ಕ್ಲಾಸಿನ ಜೀವ ಈ ಐದು ನಿಮಿಷದಲ್ಲಿದೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ ಗಲಾಟೆ.

ಬೋರ್ಡಿನ ಮೇಲೆ ಪ್ರಶ್ನೆ ಬರೆಯಿರಿ: ನಾಲ್ಕು ಬೀಜವನ್ನು ಒಟ್ಟು 240 ಸಲ ಹಾಕಿದರೆ 1 ಎಷ್ಟು ಸಲ, 2 ಎಷ್ಟು ಸಲ, 3 ಎಷ್ಟು ಸಲ, ಚೌಕ ಎಷ್ಟು ಸಲ, ಬಾರ ಎಷ್ಟು ಸಲ ಬೀಳಬಹುದು? ಬಿಳಿ ಬದಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ, ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಬಿಳಿ ಇಲ್ಲದಿದ್ದರೆ ಬಾರ ಅಂದರೆ ಎಂಟು. ಈ ಆಟಕ್ಕೆ ಕೆಲವು ಕಡೆ ಕಟ್ಟೆಮನೆ ಅಂತಾರೆ, ನಿಯಮವೂ ಮನೆಮನೆಗೆ ಬೇರೆ ಇರುತ್ತದೆ. ಆ ಚರ್ಚೆಗೆ ಇಳಿಯಬೇಡಿ, "ಇವತ್ತು ನಮ್ಮ ನಿಯಮ ಇದು" ಅಂದುಬಿಡಿ.

ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಬೇಕು. ಪೆನ್ಸಿಲ್ ಬೇಡ, ಆಮೇಲೆ ಅಳಿಸುತ್ತಾರೆ. ಗುಂಪಿನಲ್ಲಿ ಮಾತಾಡಿಕೊಂಡು ಬರೆಯುವುದೂ ಬೇಡ, ಆಗ ಫಸ್ಟ್ ಬೆಂಚಿನವರ ಊಹೆಯೇ ಎಲ್ಲರ ಊಹೆ ಆಗುತ್ತದೆ. ಬರೆದಾದ ಮೇಲೆ "ಎಲ್ಲಾನೂ ಸಮ ಬೀಳುತ್ತೆ ಅಂದವರು ಕೈ ಎತ್ತಿ" ಅನ್ನಿ. 240ನ್ನು ಐದರಿಂದ ಭಾಗಿಸಿ ಎಲ್ಲದಕ್ಕೂ 48 ಅಂತ ಬರೆದವರು ಸಿಕ್ಕೇ ಸಿಗುತ್ತಾರೆ, ಹೆಚ್ಚಿನ ಸಲ ಅವರು ಲೆಕ್ಕದಲ್ಲಿ ಚುರುಕಾದವರೇ. "ಬಾರ ಕಮ್ಮಿ ಬೀಳುತ್ತೆ ಸಾರ್, ನಮ್ಮನೇಲಿ ಆಡ್ತೀವಲ್ಲ" ಅನ್ನುವವರು ಹಿಂದಿನ ಬೆಂಚಿನಲ್ಲಿರುತ್ತಾರೆ. ಇಬ್ಬರ ಮಾತನ್ನೂ ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಡಿ. ಯಾರು ಸರಿ ಅಂತ ಮುಖದಲ್ಲೂ ತೋರಿಸಬೇಡಿ.

ಈಗ ನೋಡಿ, ಮಕ್ಕಳಿಗೆ ಬೀಜ ಹಾಕಲು ಒಂದು ಕಾರಣ ಸಿಕ್ಕಿತು. ತನ್ನ ಮಾತು ನಿಲ್ಲುತ್ತದಾ ಬೀಳುತ್ತದಾ ಅಂತ ನೋಡುವ ಆಸೆ ಹದಿನೈದರ ವಯಸ್ಸಿನವರಿಗೆ ಚಾಕೊಲೇಟಿಗಿಂತ ದೊಡ್ಡದು.

## 5. ಸೂಚನೆ ಮೊದಲು, ಸಾಮಾನು ಆಮೇಲೆ

ಡಬ್ಬಿ ನಿಮ್ಮ ಟೇಬಲ್ ಮೇಲೇ ಇರಲಿ. ಸೂಚನೆ ಮೂರೇ ಇರಬೇಕು: 20 ಸಲ ಹಾಕಿ, ನೋಟ್‌ಬುಕ್ಕಿನ ಮೇಲೆ ಹಾಕಿ, ನಾನು ಕೈ ಎತ್ತಿದ ಕೂಡಲೇ ಡಬ್ಬಿ ಮುಚ್ಚಿ. ನೋಟ್‌ಬುಕ್ ಯಾಕೆ ಅಂದರೆ ಬರೀ ಬೆಂಚಿನ ಮೇಲೆ 48 ಬೀಜ ಬೀಳುವ ಸದ್ದು ಆಲಿಕಲ್ಲು ಮಳೆ ಥರ ಇರುತ್ತದೆ.

ಹೇಳಿದ್ದನ್ನು ಒಬ್ಬ ವಿದ್ಯಾರ್ಥಿಯಿಂದ ವಾಪಸ್ ಹೇಳಿಸಿ. ಕೇಳಿಸಿಕೊಳ್ಳದೆ ಇದ್ದವನನ್ನೇ ಎಬ್ಬಿಸಿ, ಆದರೆ ಅವಮಾನ ಮಾಡುವ ದನಿಯಲ್ಲಿ ಬೇಡ. ಆಮೇಲೆ ಡಬ್ಬಿ ಹಂಚಿ.

## 6. ಆಟ ನಡೆಯುವಾಗ ನೀವು ಸುಮ್ಮನಿರಿ

ಈ ಹತ್ತು ನಿಮಿಷ ನಮಗೆ ಕಷ್ಟ, ಮಾತಾಡಿ ಮಾತಾಡಿ ಅಭ್ಯಾಸ ಆಗಿಬಿಟ್ಟಿರುತ್ತದೆ. ಬೆಂಚುಗಳ ನಡುವೆ ಓಡಾಡಿ, ನೋಡಿ, ಕೈ ಹಾಕಬೇಡಿ. ಗದ್ದಲ ಇರುತ್ತದೆ. "ಏಯ್ ಬಾರ ಬಿತ್ತು!" ಅಂತ ಒಂದು ಕೂಗು ಕೇಳಿದರೆ ಹೆದರಬೇಡಿ, ಅದು ಪಾಠದ ಸದ್ದೇ. ಬೀಜ ಬಿಟ್ಟು ಬೇರೆ ವಿಷಯದ ಮಾತು ಕೇಳಿಸಿದರೆ ಮಾತ್ರ ಆ ಗುಂಪಿನ ಹತ್ತಿರ ಹೋಗಿ ನಿಂತುಕೊಳ್ಳಿ. ನಿಂತರೆ ಸಾಕು.

ಸುಳ್ಳು ಲೆಕ್ಕ ಬರೆಯುವ ಗುಂಪು ಒಂದಾದರೂ ಇರುತ್ತದೆ. ಎರಡೇ ನಿಮಿಷಕ್ಕೆ "ಮುಗೀತು ಸಾರ್" ಅನ್ನುತ್ತಾರೆ. ಬೈಯಬೇಡಿ, "ಇನ್ನೊಂದು ಇಪ್ಪತ್ತು ನನ್ನ ಮುಂದೆ ಹಾಕಿ" ಅನ್ನಿ.

## 7. ಬಿಸಿ ಇರುವಾಗಲೇ ನಿಲ್ಲಿಸಿ

ಎಲ್ಲರದ್ದೂ ಮುಗಿಯಲಿ ಅಂತ ಕಾಯಬೇಡಿ. ಒಂಬತ್ತು, ಹತ್ತು ಗುಂಪು ಮುಗಿಸಿದ ಕೂಡಲೇ ಕೈ ಎತ್ತಿ. ಉಳಿದವರು ಎಷ್ಟು ಸಲ ಹಾಕಿದ್ದಾರೋ ಅಷ್ಟೇ ಬರೆಯಲಿ. ಡಬ್ಬಿಗಳು ಬೀಜ ಎಣಿಸಿ ನಿಮ್ಮ ಟೇಬಲ್ಲಿಗೆ ವಾಪಸ್ ಬರಬೇಕು, ಆಮೇಲೇ ಮುಂದಿನ ಮಾತು. ಕೈಯಲ್ಲಿ ಬೀಜ ಇರುವ ತನಕ ಬೋರ್ಡಿನ ಕಡೆ ಯಾರೂ ನೋಡುವುದಿಲ್ಲ.

## 8. ಬೋರ್ಡಿನ ಮೇಲೆ ಲೆಕ್ಕ ಕೂಡಿ

ಹನ್ನೆರಡು ಗುಂಪಿನ ಸಂಖ್ಯೆಗಳನ್ನು ಪಟ್ಟಿ ಮಾಡಿ. ಮೊದಲು ಒಂದೊಂದು ಗುಂಪಿನದ್ದನ್ನು ನೋಡಿಸಿ. ಎಲ್ಲವೂ ಚೆಲ್ಲಾಪಿಲ್ಲಿ. ಕೆಲವು ಗುಂಪಿಗೆ ಇಪ್ಪತ್ತರಲ್ಲಿ ಒಂದೂ ಬಾರ ಬಿದ್ದಿರುವುದಿಲ್ಲ. ಲೆಕ್ಕದ ಪ್ರಕಾರವೇ ಹನ್ನೆರಡರಲ್ಲಿ ಸುಮಾರು ಮೂರು ಗುಂಪಿಗೆ ಹಾಗಾಗಬೇಕು. ಅವರು "ನಮ್ಮ ಬೀಜ ಸರಿ ಇಲ್ಲ" ಅಂತ ದೂರುತ್ತಾರೆ. ದೂರಲಿ. ಈಗ ಎಲ್ಲವನ್ನೂ ಕೂಡಿ. ಒಟ್ಟು ಸುಮಾರು 240ರಲ್ಲಿ ಎರಡು ತುಂಬ ಜಾಸ್ತಿ, ಒಂದು ಮತ್ತು ಮೂರು ಮಧ್ಯದಲ್ಲಿ, ಚೌಕ ಬಾರ ಎರಡೂ ತೀರಾ ಕಡಿಮೆ ಬಂದಿರುವುದು ಕಾಣುತ್ತದೆ. 48, 48 ಅಂತ ಬರೆದವರ ಮುಖ ನೋಡಿ.

"ಯಾಕೆ?" ಅಂತ ಕೇಳಿ ಒಂದು ನಿಮಿಷ ನಿಜವಾಗಿಯೂ ಕಾಯಿರಿ. ಆಮೇಲೆ ನಾಲ್ಕು ಬೀಜಕ್ಕೆ ಅ, ಆ, ಇ, ಈ ಅಂತ ಹೆಸರಿಟ್ಟು, ಬಿಳಿಗೆ ಬಿ, ಕಪ್ಪಿಗೆ ಕ ಅಂತ ಸಾಧ್ಯವಿರುವ ಬಗೆಗಳನ್ನೆಲ್ಲ ಮಕ್ಕಳ ಕೈಯಲ್ಲೇ ಬರೆಸಿ. ಒಟ್ಟು 16 ಬರುತ್ತವೆ. ನಾಲ್ಕೂ ಬಿಳಿ ಬರುವುದು ಒಂದೇ ಥರ. ಒಂದೂ ಬಿಳಿ ಇಲ್ಲದಿರುವುದು ಒಂದೇ ಥರ. ಒಂದು ಬಿಳಿ ನಾಲ್ಕು ಥರ, ಮೂರು ಬಿಳಿ ನಾಲ್ಕು ಥರ, ಎರಡು ಬಿಳಿ ಆರು ಥರ. ಅಂದರೆ ಲೆಕ್ಕದ ಪ್ರಕಾರ 240ರಲ್ಲಿ ಎರಡು 90 ಸಲ, ಒಂದು ಮತ್ತು ಮೂರು ಅರುವತ್ತರುವತ್ತು, ಚೌಕ 15, ಬಾರ 15. ಇದನ್ನು ಇನ್ನೊಂದು ಬಣ್ಣದ ಚಾಕ್‌ಪೀಸಿನಲ್ಲಿ ಮಕ್ಕಳ ಅಂಕಿಗಳ ಪಕ್ಕದಲ್ಲೇ ಬರೆಯಿರಿ.

ಎರಡೂ ಸಾಲು ಪಕ್ಕಾ ಹೊಂದುವುದಿಲ್ಲ. ಹೊಂದಬೇಕಾಗಿಯೂ ಇಲ್ಲ. ಆದರೆ ಒಂದು ಸಾಲು ತೀರಾ ಒಂದೇ ಕಡೆ ವಾಲಿದ್ದರೆ, ಚೌಕ ಬಾರಕ್ಕಿಂತ ಎಷ್ಟೋ ಪಟ್ಟು ಬಿದ್ದಿದ್ದರೆ, ತಿಪ್ಪೆ ಸಾರಿಸಬೇಡಿ. ಹುಣಸೆ ಬೀಜ ನಾಣ್ಯದಷ್ಟು ಸಮ ಇರುವುದಿಲ್ಲ, ಉಜ್ಜಿದ ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ನಾವು ಹಾಕಿದ ಲೆಕ್ಕ ಎರಡೂ ಬದಿಗೆ ಸಮ ಅವಕಾಶ ಇದೆ ಅಂತ ಹಿಡಿದು ಹಾಕಿದ್ದು. ಇದನ್ನು ಮಕ್ಕಳಿಗೆ ಹೇಳಿಬಿಡಿ. ಒಂದೇ ಬೀಜವನ್ನು ಮನೆಯಲ್ಲಿ 50 ಸಲ ಹಾಕಿಕೊಂಡು ಬಾ ಅಂದರೆ ಬಿಡಿಸಿ ಹೇಳಿದ್ದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತದೆ.

ಇಲ್ಲಿ ಆಗುವ ತಪ್ಪು: ಟೈಮ್ ಇಲ್ಲ ಅಂತ 16 ಬಗೆಗಳನ್ನು ನೀವೇ ಚಕಚಕ ಬರೆದುಬಿಡುವುದು. ಹಾಗೆ ಮಾಡಿದರೆ ಬೀಜ ಹಾಕಿದ್ದೇ ದಂಡ.

## 9. ಕೊನೆಯ ಆರು ನಿಮಿಷ ಬರೆಸಿ

ಬೆಲ್ ಹೊಡೆಯುವ ಮುಂಚೆ ಪ್ರತಿ ಮಗುವಿನ ಪುಸ್ತಕದಲ್ಲಿ ಮೂರು ಸಾಲು ಇರಬೇಕು. ನನ್ನ ಊಹೆ ಏನಿತ್ತು, ಏನು ಬಂತು, ಯಾಕೆ. ಆಮೇಲೆ ಪುಸ್ತಕದ ಎರಡು ನಾಣ್ಯದ ಪ್ರಶ್ನೆ ಕೊಡಿ. ಆ 1/3ರ ವಾದದ ತಪ್ಪು ಎಲ್ಲಿದೆ ಅಂತ ಈಗ ಅವರೇ ತೋರಿಸುತ್ತಾರೆ. ಇದೇ ಹಾಳೆಯನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯ ದಾಖಲೆಯಾಗಿ ಇಟ್ಟುಕೊಳ್ಳಬಹುದು, ಎರಡು ಕೆಲಸ ಒಂದರಲ್ಲಿ ಆಯಿತು.

ಮರುದಿನ ಮೊದಲ ಮೂರು ನಿಮಿಷ ಪುಸ್ತಕ ಮುಚ್ಚಿಸಿ, ಚೌಕ ಬೀಳುವ ಸಂಭವನೀಯತೆ ಎಷ್ಟು ಅಂತ ಚೀಟಿಯಲ್ಲಿ ಬರೆಸಿ. 1/16 ಅಂತ ಬರೆದವರು ಅರ್ಧಕ್ಕಿಂತ ಕಮ್ಮಿ ಇದ್ದರೆ ಎಂಟನೇ ಹಂತವನ್ನು ಮತ್ತೊಮ್ಮೆ ಮಾಡಿ, ಆಟ ಬೇಡ.

## 10. ವಿಜ್ಞಾನದ ಕ್ಲಾಸಿಗೆ ಇದೇ ಕ್ರಮ

ಹತ್ತನೇ ಕ್ಲಾಸಿನ ಆಮ್ಲ, ಪ್ರತ್ಯಾಮ್ಲ, ಲವಣ ಪಾಠ ತಗೊಳ್ಳಿ. "ಆರತಿ ನೀರು ಕೆಂಪಾಗಲು ಏನು ಹಾಕ್ತಾರೆ?" ಅಂತ ಕೇಳಿ. ಕುಂಕುಮ ಅನ್ನುವವರೇ ಜಾಸ್ತಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅಂತ ಗೊತ್ತಿರುವ ಒಬ್ಬಿಬ್ಬರು ಇರುತ್ತಾರೆ. ಈಗ ಊಹೆಯ ಪ್ರಶ್ನೆ: ಆ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಏನಾಗುತ್ತದೆ? ಪೆನ್ನಿನಲ್ಲಿ ಬರೆಸಿ. ಆಮೇಲೆ ನೀವು ಹನಿ ಹನಿಯಾಗಿ ಹಿಂಡಿ. ಕೆಂಪು ಹೋಗಿ ಹಳದಿ ವಾಪಸ್ ಬರುವ ಆ ಕ್ಷಣಕ್ಕೆ ಕ್ಲಾಸು ಬೆಂಚಿನಿಂದ ಎದ್ದು ನಿಲ್ಲುತ್ತದೆ. ಸೂಚಕ, ತಟಸ್ಥೀಕರಣ ಅನ್ನುವ ಪದಗಳನ್ನು ಆಗ ಬರೆಯಿರಿ, ಮುಂಚೆ ಬೇಡ.

ಆರತಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಯೂನಿಫಾರ್ಮ್ ಮೇಲೆ ಸಾರು ಚೆಲ್ಲಿ, ಸೋಪು ಹಚ್ಚಿದಾಗ ಕಲೆ ಕೆಂಪಾಗಿದ್ದು ಎಲ್ಲರಿಗೂ ಗೊತ್ತು. ಮಕ್ಕಳ ಕೈಗೆ ಕೊಡಲು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದ ಮತ್ತು ಬಟ್ಟೆ ಸೋಪಿನ ನೀರು ಸಾಕು. ಸುಣ್ಣ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಕಣ್ಣಿಗೆ ಬಿದ್ದರೆ ಕಣ್ಣೇ ಕೆಡುತ್ತದೆ. ಅಕಸ್ಮಾತ್ ಸಿಡಿದರೆ ಕಣ್ಣು ಉಜ್ಜಲು ಬಿಡದೆ, ಕನಿಷ್ಠ ಹದಿನೈದು ನಿಮಿಷ ಬಿಡದೆ ಚೊಕ್ಕ ನೀರು ಹಾಯಿಸಿ, ಆಮೇಲೆ ನೇರವಾಗಿ ಡಾಕ್ಟರ ಹತ್ತಿರ.

## ಹಾದಿ ತಪ್ಪುತ್ತಿದೆ ಅನ್ನುವ ಗುರುತುಗಳು

"ನಾವೇನು ಚಿಕ್ಕ ಮಕ್ಕಳಾ ಸಾರ್?" ಈ ಮಾತು ಬಂತು ಅಂದರೆ ಆಟ ವಯಸ್ಸಿಗೆ ಹೊಂದುತ್ತಿಲ್ಲ. ಆಟ, ಹಾಡಿನ ಮೂಲಕ ಕಲಿಸುವ ನಲಿ-ಕಲಿ ಇರುವುದು ಒಂದರಿಂದ ಮೂರನೇ ತರಗತಿಗೆ. ಅಲ್ಲಿನ ಅಭಿನಯ ಗೀತೆಯನ್ನು ಒಂಬತ್ತನೇ ಕ್ಲಾಸಿಗೆ ತಂದರೆ ಮೀಸೆ ಚಿಗುರುತ್ತಿರುವ ಹುಡುಗ ನಾಚಿಕೆಯಿಂದ ಡೆಸ್ಕಿನ ಕೆಳಗೆ ಹೋಗುತ್ತಾನೆ. ದೊಡ್ಡವರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೊಡಿ, ಈ ದೂರು ನಿಲ್ಲುತ್ತದೆ.

"ಗೆದ್ದರೆ ಏನು ಕೊಡ್ತೀರಾ?" ಇದು ನಮ್ಮದೇ ತಪ್ಪು, ನಾವೇ ರೂಢಿ ಮಾಡಿಸಿರುತ್ತೇವೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಅಮೆರಿಕದ ಒಂದು ಶಿಶುವಿಹಾರದಲ್ಲಿ ಪ್ರಯೋಗ ಮಾಡಿದ್ದರು. ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮುಂಚೆಯೇ ಹೇಳಿಸಿಕೊಂಡು ಬರೆದ ಮಕ್ಕಳು, ಆಮೇಲೆ ತಾವಾಗಿ ಚಿತ್ರ ಬರೆಯುವುದನ್ನು ಉಳಿದವರಿಗಿಂತ ಕಮ್ಮಿ ಮಾಡಿದರು. ಅವರು ಪುಟ್ಟ ಮಕ್ಕಳು ನಿಜ, ಆದರೆ ಪೆನ್ನು, ಚಾಕೊಲೇಟ್ ಹಂಚುವ ಹೈಸ್ಕೂಲ್ ಕ್ಲಾಸಿನಲ್ಲೂ ನಾನು ಕಂಡದ್ದು ಅದನ್ನೇ. ಮೂರನೇ ವಾರಕ್ಕೆ ಬಹುಮಾನ ಇಲ್ಲದ ದಿನ ಯಾರೂ ಕೈ ಎತ್ತುವುದಿಲ್ಲ. ಕೊಡಲೇಬೇಕು ಅನಿಸಿದರೆ ಹೇಳದೆ ಕೊಡಿ, ಎಲ್ಲರಿಗೂ ಕೊಡಿ.

ಪ್ರತಿಸಲ ಅದೇ ಐದು ಜನ ಉತ್ತರ ಹೇಳುವುದು. ಕೈ ಎತ್ತಿಸುವುದನ್ನೇ ಬಿಡಿ. ಎಲ್ಲರ ರೋಲ್ ನಂಬರ್ ಚೀಟಿ ಒಂದು ಡಬ್ಬಿಯಲ್ಲಿ ಹಾಕಿ ಎತ್ತಿ. ನಂಬರ್ ಬಂದವನಿಗೆ ಉತ್ತರ ಬರದಿದ್ದರೆ "ಪಾಸ್" ಅನ್ನುವ ಅವಕಾಶ ಇರಲಿ, ಆದರೆ ಇನ್ನೊಬ್ಬರು ಹೇಳಿದ ಉತ್ತರವನ್ನು ಅವನೇ ತಿರುಗಿ ಹೇಳಬೇಕು.

ಒಂದು ಗುಂಪು ಯಾವಾಗಲೂ ಸೋಲುವುದು. ಅಂಕ ಕೊಟ್ಟು ಗುಂಪುಗಳ ನಡುವೆ ಸ್ಪರ್ಧೆ ಇಟ್ಟರೆ ಹೀಗಾಗುತ್ತದೆ. ಎಲ್ಲ ಗುಂಪಿನ ಅಂಕಿ ಕೂಡಿದಾಗ ಮಾತ್ರ ಉತ್ತರ ಸಿಗುವಂಥ ಆಟ ಆರಿಸಿ. ಚೌಕಾಬಾರದಲ್ಲಿ ಬಾರವೇ ಬೀಳದ ಗುಂಪಿನ ಅಂಕಿಯೂ ಒಟ್ಟು ಲೆಕ್ಕಕ್ಕೆ ಬೇಕು.

ಪೋರ್ಷನ್ ಹಿಂದೆ ಬೀಳುವುದು. ವಾರಕ್ಕೆ ಒಂದು ಸಲಕ್ಕಿಂತ ಜಾಸ್ತಿ ಮಾಡುತ್ತಿದ್ದೀರಿ ಅಂತ ಅರ್ಥ. ಪಾಠಕ್ಕೆ ಒಂದು ಸಾಕು, ಅದೂ ಮಕ್ಕಳು ಎಡವುವ ಜಾಗಕ್ಕೆ. ಉಳಿದ ದಿನ ಬೋರ್ಡು, ಚಾಕ್‌ಪೀಸ್, ಆದರೆ ಶುರುವಿನ ಆ ಊಹೆ ಮಾತ್ರ ದಿನಾ ಬರೆಸಿ. ಅದಕ್ಕೆ ಬೀಜವೂ ಬೇಡ, ಡಬ್ಬಿಯೂ ಬೇಡ.

ಬೀಜದ ಡಬ್ಬಿಗಳನ್ನು ಬಿಸಾಕಬೇಡಿ. ಸ್ವಲ್ಪ ಬೇವಿನ ಎಲೆ ಹಾಕಿ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ. ಎಣಿಸಿ ಇಡಿ. ನನ್ನ ಹತ್ತಿರ ಈಗ ಉಳಿದಿರುವುದು 41.